ಮಾತ್ರೆ ಸೋಕದ ಹೊಟ್ಟೆ

“ಒಬ್ಬರು ಸಿಕ್ಕಿದರೂ ಸಾಕು,” ಎಂದರು ಡಾಕ್ಟರಮ್ಮ. “ಗಟ್ಟಿಮುಟ್ಟಾಗಿರಬೇಕು. ಈ ಆರು ತಿಂಗಳಲ್ಲಿ ಒಂದೇ ಒಂದು ಆಂಟಿಬಯೋಟಿಕ್ ಕೂಡ ನುಂಗಿರಬಾರದು. ನಿಮ್ಮನೇಲಿ ಅಂಥವರು ಯಾರಿದ್ದಾರೆ?”

ಕೋರ್ಸಪ್ಪ ಒಂದು ಕ್ಷಣವೂ ಯೋಚಿಸದೆ ಯಾರೂ ಇಲ್ಲ ಎಂದುಬಿಟ್ಟ. ಈ ಸಲ ಊರಿಗೆಲ್ಲ ಕೆಮ್ಮು ಹಬ್ಬಿದಾಗ ಮಗ, ಸೊಸೆ, ಮೊಮ್ಮಗಳು, ಹೆಂಡತಿ ಎಲ್ಲರಿಗೂ ತಾನೇ ಮಾತ್ರೆ ಕೊಟ್ಟು ಕೋರ್ಸ್ ಮುಗಿಸಿದ್ದೇನೆ, ಒಬ್ಬರನ್ನೂ ಅರ್ಧಕ್ಕೆ ಬಿಟ್ಟಿಲ್ಲ ಎಂದ. ಹೇಳುವಾಗ ಅಭ್ಯಾಸಬಲದಿಂದ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇಣುಕಿತು. ಡಾಕ್ಟರಮ್ಮ ಅವನ ಮುಖವನ್ನೇ ನೋಡುತ್ತ ಕೂತಿದ್ದರು. ತಾನು ಏನು ಹೇಳಿದೆ ಎನ್ನುವುದು ಅವನಿಗೆ ಆಮೇಲೆ ತಲೆಗಿಳಿಯಿತು. ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡ.

ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಅದನ್ನು ಕರೆಯುವವರು ಯಾರೂ ಉಳಿದಿರಲಿಲ್ಲ. ಬಸ್ ನಿಲ್ದಾಣದ ಎದುರು ಔಷಧಿ ಅಂಗಡಿ ಇಟ್ಟುಕೊಂಡಿದ್ದ ಅವನು ಬೀದಿಗೆಲ್ಲ ಕೋರ್ಸಪ್ಪ. ಮೂಗು ಸೋರುತ್ತಿದೆ ಎಂದು ಬಂದವರಿಗೂ, ಮೊಣಕಾಲು ಹಿಡಿದುಕೊಂಡಿದೆ ಎಂದು ಬಂದವರಿಗೂ, ನಾಳೆ ಪ್ರಯಾಣ ಹೊರಟಿದ್ದೇನೆ, ದಾರಿಯಲ್ಲಿ ಏನಾದರೂ ಆದೀತು ಎಂದು ಮುಂಚೆಯೇ ಹೆದರಿ ಬಂದವರಿಗೂ ಒಂದು ಸ್ಟ್ರಿಪ್ಪು ಆಂಟಿಬಯೋಟಿಕ್ ಕೈಗಿಟ್ಟು, ಕೋರ್ಸ್ ಮುಗಿಸಬೇಕು, ಅರ್ಧಕ್ಕೆ ಬಿಟ್ಟರೆ ನನ್ನ ಅಂಗಡಿ ಮೆಟ್ಟಿಲು ಹತ್ತಬೇಡಿ ಎಂದು ಗದರಿಸುತ್ತಿದ್ದ. ಡಾಕ್ಟರ ಚೀಟಿ ಕೇಳುವ ಚಾಳಿ ಅವನಿಗಿರಲಿಲ್ಲ. ಇದೆಲ್ಲ ಲಾಭಕ್ಕೆ ಮಾಡಿದ ಎಂದರೆ ಪಾಪ ಬರುತ್ತದೆ. ಚಿಕ್ಕಂದಿನಲ್ಲಿ ಅವನ ತಮ್ಮನೊಬ್ಬ ಜ್ವರಕ್ಕೆ ಮದ್ದು ಸಿಗದೆ ಹೋಗಿಬಿಟ್ಟಿದ್ದ. ಅಂದಿನಿಂದ ಯಾರಾದರೂ ಕೆಮ್ಮಿದರೆ ಸಾಕು, ಕೋರ್ಸಪ್ಪನ ಕೈ ತಾನಾಗಿಯೇ ಕಪಾಟಿನ ಕಡೆ ಹೋಗುತ್ತಿತ್ತು. ಪ್ರೀತಿ ಎಂದರೆ ಅವನಿಗೆ ಗೊತ್ತಿದ್ದುದು ಅದೊಂದೇ ಬಗೆ. ಹೀಗೆ ಪ್ರೀತಿ ಮಾಡಬಾರದು ಕಣಯ್ಯ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳುವವರು ಒಬ್ಬರಾದರೂ ಬೇಕಿತ್ತು. ಬೀದಿಯವರು ಹೇಳುವುದಿರಲಿ, ಇನ್ನೊಂದು ಸ್ಟ್ರಿಪ್ಪು ಕೊಡಿ ಎಂದು ಕೈಚಾಚಿ ನಿಂತಿರುತ್ತಿದ್ದರು.

ಈಗ ಅವನ ಹೆಂಡತಿ ಮೇಲಿನ ಮಹಡಿಯ ವಾರ್ಡಿನ ಕೊನೆಯ ಕೋಣೆಯಲ್ಲಿ ಮಲಗಿದ್ದಳು. ಶುರುವಾದದ್ದು ಒಂದು ಹಲ್ಲಿನಿಂದ. ಹಲ್ಲು ಕೀಳಿಸಿಕೊಂಡು ಬಂದಳು, ಇವನು ಒಂದು ಕೋರ್ಸ್ ಕೊಟ್ಟ. ಅದು ಮುಗಿಯುವ ಮುಂಚೆ ಕೆಮ್ಮು ಬಂತು, ಅದಕ್ಕಿಂತ ಜೋರಾದ ಇನ್ನೊಂದು ಕೊಟ್ಟ. ಆಮೇಲೆ ಭೇದಿ ಶುರುವಾಯಿತು. ಭೇದಿಗೆ ಏನು ಕೊಡಬೇಕು ಎಂದು ಕೋರ್ಸಪ್ಪನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲವಲ್ಲ, ಮೂರನೆಯದನ್ನೂ ಕೊಟ್ಟ. ಅದು ಉರಿಯುವ ಒಲೆಗೆ ಎಣ್ಣೆ ಹೊಯ್ದಂತೆ ಆಯಿತು. ಅವಳು ಬಚ್ಚಲಿನಿಂದ ಮಂಚಕ್ಕೆ, ಮಂಚದಿಂದ ಬಚ್ಚಲಿಗೆ ಗೋಡೆ ಹಿಡಿದು ಓಡಾಡಿ, ಕೊನೆಗೆ ಗೋಡೆ ಹಿಡಿಯುವ ಶಕ್ತಿಯೂ ಇಲ್ಲದೆ ಬಾಗಿಲ ಬಳಿ ಕುಸಿದಳು. ಆಸ್ಪತ್ರೆಯವರು ಅದಕ್ಕೆಂದೇ ಇರುವ ಔಷಧಿ ಕೊಟ್ಟು ನಿಲ್ಲಿಸಿದರು, ಮನೆಗೆ ಕಳಿಸಿದರು. ಸ್ವಲ್ಪ ದಿನಕ್ಕೆ ಮತ್ತೆ ಬಂತು. ಮತ್ತೆ ನಿಲ್ಲಿಸಿದರು, ಮತ್ತೆ ಬಂತು. ಈ ಸಲ ಬಂದಾಗ ಅವಳ ಹೊಟ್ಟೆ ಉಬ್ಬಿತ್ತು, ಕೆನ್ನೆ ಒಳಗೆ ಹೋಗಿತ್ತು.

ಡಾಕ್ಟರಮ್ಮ ಅವನಿಗೆ ಬಿಡಿಸಿ ಹೇಳಿದ್ದರು. ದೊಡ್ಡ ಕರುಳಿನಲ್ಲಿ ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾ ಇರುತ್ತವೆ. ನಮ್ಮಿಂದ ಅರಗದ ನಾರಿನಂಶವನ್ನು ಅವೇ ಮುರಿದು ಕರುಳಿನ ಗೋಡೆಗೆ ಆಹಾರ ಮಾಡಿಕೊಡುತ್ತವೆ, ಕೆಲವು ಜೀವಸತ್ವ ತಯಾರಿಸುತ್ತವೆ, ಕೆಟ್ಟ ರೋಗಾಣುಗಳಿಗೆ ಕಾಲೂರಲು ಜಾಗ ಬಿಡುವುದಿಲ್ಲ. ಆಂಟಿಬಯೋಟಿಕ್ ಹೋದಾಗ ಒಳ್ಳೆಯದು ಕೆಟ್ಟದ್ದು ಎಂದು ನೋಡದೆ ಎಲ್ಲವನ್ನೂ ಬಡಿಯುತ್ತದೆ. ಸೀಟೆಲ್ಲ ಖಾಲಿಯಾದ ಬಸ್ಸಿಗೆ ರೌಡಿಗಳು ಹತ್ತಿ ಕೂತ ಹಾಗೆ, ಎಲ್ಲಿಯೋ ಮೂಲೆಯಲ್ಲಿ ತೆಪ್ಪಗಿದ್ದ ಒಂದು ಹಟಮಾರಿ ಬ್ಯಾಕ್ಟೀರಿಯಾ ಈಗ ಇಡೀ ಕರುಳನ್ನು ಹಿಡಿದುಕೊಂಡಿದೆ, ವಿಷ ಕಾರುತ್ತಿದೆ. ಔಷಧಿ ಹಾಕಿದಾಗ ಬಚ್ಚಿಟ್ಟುಕೊಳ್ಳುತ್ತದೆ, ನಿಲ್ಲಿಸಿದ ಕೂಡಲೇ ಎದ್ದು ಬರುತ್ತದೆ. ಉಳಿದಿರುವ ದಾರಿ ಒಂದೇ. ಆರೋಗ್ಯವಂತರೊಬ್ಬರ ಮಲವನ್ನು ತೆಗೆದುಕೊಂಡು, ಪರೀಕ್ಷೆ ಮಾಡಿ, ಶೋಧಿಸಿ, ಕೊಳವೆಯ ಮೂಲಕ ಇವರ ಕರುಳಿಗೆ ಸೇರಿಸಬೇಕು. ಆ ಒಳ್ಳೆಯ ಬ್ಯಾಕ್ಟೀರಿಯಾಗಳು ಹೋಗಿ ಜಾಗ ಹಿಡಿದರೆ ಇವರು ಉಳಿಯುತ್ತಾರೆ. ಅದನ್ನು ಸಂಗ್ರಹಿಸಿಡುವ ವ್ಯವಸ್ಥೆ ಇಲ್ಲಿ ಇಲ್ಲ. ಆಸ್ಪತ್ರೆಯಲ್ಲಿ, ಔಷಧಿಯ ನಡುವೆ ಕೆಲಸ ಮಾಡುವವರದ್ದು ಬೇಡ. ಚಿಕ್ಕ ಮಕ್ಕಳದ್ದೂ ಬೇಡ.

ಇಡೀ ಬಾಳು ಬ್ಯಾಕ್ಟೀರಿಯಾ ಕೊಲ್ಲುವ ಮಾತ್ರೆ ಮಾರಿಕೊಂಡು ಬಂದವನಿಗೆ ಈಗ ಬ್ಯಾಕ್ಟೀರಿಯಾ ಹುಡುಕಿಕೊಂಡು ಬಾ ಎಂದಂತಾಯಿತು. ಕೇಳಿದವರು ನಗಬಹುದು. ಕೋರ್ಸಪ್ಪನಿಗೆ ನಗು ಬರಲಿಲ್ಲ.

ಮನೆಯಲ್ಲಿ ಅವನು ಇದನ್ನು ಬಾಯಿಬಿಟ್ಟು ಹೇಳಲಿಲ್ಲ. ಮಗ ಲಿಫ್ಟ್ ರಿಪೇರಿಯವನು, ಬೆಳಿಗ್ಗೆ ಹೋದರೆ ಸಂಜೆಗೆ ಬಂದು ಅಮ್ಮನ ಮಂಚದ ಪಕ್ಕ ಕೂರುತ್ತಿದ್ದ. ಸೊಸೆ ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವ ಕೆಲಸ ಮಾಡುತ್ತಿದ್ದಳು. ಅವಳೂ ರಜೆ ಹಾಕಿ ಮನೆ, ಮಗು, ಆಸ್ಪತ್ರೆ ಎಂದು ಒದ್ದಾಡುತ್ತಿದ್ದಳು. ಡಾಕ್ಟರ ಹತ್ತಿರ ಮಾತಾಡುವುದು ಮಾತ್ರ ಕೋರ್ಸಪ್ಪನ ಹಕ್ಕು. ಔಷಧಿಯ ಮಾತು ನಿಮಗೆ ಅರ್ಥವಾಗುವುದಿಲ್ಲ, ನಾನು ನೋಡಿಕೊಳ್ಳುತ್ತೇನೆ ಎಂದು ಅವನು ಇಬ್ಬರನ್ನೂ ಆಚೆಗಿಟ್ಟಿದ್ದ. ಅಂದು ಮನೆಗೆ ಬಂದಾಗ ಸೊಸೆ, ಡಾಕ್ಟರು ಏನಂದರು ಎಂದು ಕೇಳಿದಳು. ಸೊಸೆಯ ಎದುರು ನಿಂತು ಮಲ ಎಂಬ ಮಾತನ್ನು ಮಾವನಾದವನು ಹೇಗೆ ಆಡುವುದು? ಯಾವುದೋ ಒಂದು ಔಷಧಿ ಬೇಕಂತೆ, ಸಿಗುವುದು ಕಷ್ಟವಂತೆ, ಹುಡುಕಿ ತರುತ್ತೇನೆ ಎಂದ. ಅವಳು ಮುಂದೆ ಕೇಳಲಿಲ್ಲ. ಔಷಧಿಯ ವಿಷಯದಲ್ಲಿ ಮಾವನನ್ನು ಎರಡನೆಯ ಪ್ರಶ್ನೆ ಕೇಳುವ ಪದ್ಧತಿ ಆ ಮನೆಯಲ್ಲಿರಲಿಲ್ಲ.

ಮರುದಿನದಿಂದ ಅವನ ಅಲೆದಾಟ ಶುರುವಾಯಿತು. ಮೊದಲು ಹೋದದ್ದು ಕ್ಷೌರದವನ ಹತ್ತಿರ. ಕಂಬದ ಹಾಗಿದ್ದ ಆಳು, ಬೆಳಿಗ್ಗೆಯಿಂದ ಸಂಜೆಯವರೆಗೆ ನಿಂತೇ ಕೆಲಸ ಮಾಡುವವನು, ಒಂದು ದಿನ ಅಂಗಡಿ ಮುಚ್ಚಿದವನಲ್ಲ. ಕೋರ್ಸಪ್ಪ ಸುತ್ತು ಬಳಸದೆ ಇತ್ತೀಚೆಗೆ ಆಂಟಿಬಯೋಟಿಕ್ ತೆಗೆದುಕೊಂಡಿದ್ದೀಯಾ ಎಂದು ಕೇಳಿದ. ಕ್ಷೌರದವನ ಮುಖ ಅರಳಿತು.

“ನೀವೇ ಕೊಟ್ಟಿದ್ರಲ್ಲ ಅಣ್ಣ, ಮರೆತೇಬಿಟ್ರಾ? ಗಂಟಲು ಕೆರೀತಿದೆ ಅಂದಿದ್ದಕ್ಕೆ. ಒಂದೂ ಬಿಡದೆ ಕೋರ್ಸ್ ಮುಗಿಸಿದೆ. ನೀವು ಹೇಳಿದ ಮೇಲೆ ಮುಗೀತು.”

ಕೋರ್ಸಪ್ಪ ಅವನ ಕೈ ಹಿಡಿದು, ಒಳ್ಳೆಯದಾಯಿತು ಎಂದು ಹೊರಬಂದ.

ಜಿಮ್ಮಿನವನು ಮೊಡವೆಗೆಂದು ತಿಂಗಳುಗಟ್ಟಲೆ ನುಂಗಿದ್ದ. ಇವನ ಅಂಗಡಿಯಿಂದಲೇ ಒಯ್ದದ್ದು. ಬೀಗ ರಿಪೇರಿಯವನು ಬೆರಳು ಕೊಯ್ದುಕೊಂಡಾಗ ನುಂಗಿದ್ದ. ಎದುರುಮನೆಯ ಟೀಚರು, ನನಗೆ ಏನೂ ಆಗಿರಲಿಲ್ಲ, ಆದರೂ ಪಕ್ಕದವರಿಗೆ ಬಂತಲ್ಲ ಎಂದು ನೀವೇ ಕೊಟ್ಟಿರಿ, ಅದರಿಂದಲೇ ಬಚಾವಾದೆ ಎಂದು ಕೈಮುಗಿದರು. ಎಲ್ಲರೂ ಅವನನ್ನು ಕೂರಿಸಿ, ಹೆಂಡತಿಯ ಆರೋಗ್ಯ ವಿಚಾರಿಸಿ, ನಿಮ್ಮಂಥವರ ಮನೆಗೇ ಹೀಗಾಗಬೇಕೆ ಎಂದು ಮರುಗಿದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವರ ಕೃತಜ್ಞತೆ ಅವನಿಗೆ ಒಂದೊಂದು ಏಟಿನಂತೆ ಬೀಳುತ್ತಿತ್ತು. ಯಾಕೆ ಕೇಳುತ್ತಿದ್ದೀರಿ ಎಂದು ಯಾರೂ ಕೇಳಲಿಲ್ಲ. ಏನು ಬೇಕು ಎಂದು ಹೇಳುವ ಸಂದರ್ಭವೇ ಒದಗಲಿಲ್ಲ, ಏಕೆಂದರೆ ಮೊದಲ ಪ್ರಶ್ನೆಯನ್ನೇ ಯಾರೂ ದಾಟಲಿಲ್ಲ.

ಊರಿನ ಇನ್ನೊಂದು ತುದಿಯಲ್ಲಿದ್ದ ಅಕ್ಕನ ಮೇಲೆ ಅವನಿಗೆ ಆಸೆಯಿತ್ತು. ಅಕ್ಕ ತನ್ನ ಕಾಲದ ಗಟ್ಟಿ ಜೀವ, ಈಗಲೂ ನೀರಿನ ಕೊಡ ಎತ್ತುತ್ತಿದ್ದಳು, ಅವನ ಅಂಗಡಿಗೆ ಬಂದು ಎಷ್ಟೋ ಕಾಲವಾಗಿತ್ತು. ಬಸ್ಸಿನಲ್ಲಿ ಹೋಗುವಾಗ ಇವಳಾದರೂ ತಪ್ಪಿಸಿಕೊಂಡಿರಲಿ ಎಂದು ಅವನು ಮನಸ್ಸಿನಲ್ಲೇ ಬೇಡಿಕೊಂಡ. ತಾನು ಕೊಟ್ಟ ಔಷಧಿಯಿಂದ ಒಬ್ಬರು ತಪ್ಪಿಸಿಕೊಂಡಿರಲಿ ಎಂದು ಔಷಧಿ ಅಂಗಡಿಯವನೊಬ್ಬ ಬೇಡಿಕೊಳ್ಳುವುದನ್ನು ಯಾರಾದರೂ ಕೇಳಿದ್ದಾರೆಯೇ? ಅಕ್ಕ ಬಾಗಿಲು ತೆಗೆದಳು. ಆಂಟಿಬಯೋಟಿಕ್ ನುಂಗಿದ್ದೀಯಾ ಎಂದು ಅವನು ಕೇಳಿದ ಮೇಲೆ ಒಳಗೆ ಹೋಗಿ ಬಿಸ್ಕತ್ತಿನ ಡಬ್ಬಿಯೊಂದನ್ನು ತಂದು ಮುಚ್ಚಳ ತೆಗೆದು ತೋರಿಸಿದಳು. ಅದರ ತುಂಬ ಅವನು ಕೊಟ್ಟಿದ್ದ ಸ್ಟ್ರಿಪ್ಪುಗಳು. ತಲೆ ಭಾರವಾದಾಗ ಒಂದು, ನಿದ್ದೆ ಬಾರದಿದ್ದಾಗ ಒಂದು, ಮೈಕೈ ನೋವಾದಾಗ ಒಂದು ಎಂದು ತಾನೇ ಹಂಚಿಕೊಂಡು ನುಂಗುತ್ತಿದ್ದಳು.

“ನೀನು ಕೊಟ್ಟಿದ್ದು ಅಂತ ಜೋಪಾನವಾಗಿ ಇಟ್ಕೊಂಡಿದೀನಿ ಕಣೋ,” ಎಂದಳು ಅಕ್ಕ. “ನಿನ್ನ ಹೆಂಡತಿಗೆ ಬೇಕಾದ್ರೆ ಎಲ್ಲಾ ತಗೊಂಡು ಹೋಗು.”

ಅಕ್ಕನ ಮನೆಯ ಮೆಟ್ಟಿಲಲ್ಲಿ ಕೂತು ಅವನು ಅತ್ತ. ಹೆಂಡತಿಗಾಗಿ ಅಳುತ್ತಿದ್ದಾನೆ ಎಂದುಕೊಂಡು ಅಕ್ಕ ಬೆನ್ನು ಸವರಿದಳು. ಅದೂ ನಿಜವೇ ಆಗಿತ್ತು.

ಆಸ್ಪತ್ರೆಯಲ್ಲಿ ಹೆಂಡತಿ ಮಾತು ಕಡಿಮೆ ಮಾಡಿದ್ದಳು. ಕೈ ಹಿಡಿದರೆ ಬೆರಳುಗಳಲ್ಲಿ ಬಿಸಿಯಿರಲಿಲ್ಲ. ನರ್ಸು ಬಟ್ಟೆ ಬದಲಾಯಿಸುವಾಗ ಅವಳು ಕಣ್ಣು ಗಟ್ಟಿಯಾಗಿ ಮುಚ್ಚಿಕೊಳ್ಳುತ್ತಿದ್ದಳು. ಮೈಯ ನೋವಿಗಿಂತ ನಾಚಿಕೆಯೇ ಅವಳನ್ನು ಕೊಲ್ಲುತ್ತಿತ್ತು. ಬಾಳೆಲ್ಲ ಬೇರೆಯವರ ಹಾಸಿಗೆ ಒಗೆದು ಬಿಸಿಲಿಗೆ ಹಾಕಿದವಳು ಈಗ ತನ್ನ ಹಾಸಿಗೆಯನ್ನು ಬೇರೆಯವರು ಎತ್ತಿಕೊಂಡು ಹೋಗುವುದನ್ನು ನೋಡಲಾರದೆ ಗೋಡೆಯ ಕಡೆ ತಿರುಗುತ್ತಿದ್ದಳು. ಡಾಕ್ಟರಮ್ಮ ಕೋರ್ಸಪ್ಪನನ್ನು ಕಾರಿಡಾರಿಗೆ ಕರೆದು, ಯಾರಾದರೂ ಸಿಕ್ಕರಾ ಎಂದು ಕೇಳಿದರು. ಇಲ್ಲ ಎಂದ. ಕರುಳು ಇನ್ನೂ ಉಬ್ಬಿದರೆ ದೊಡ್ಡ ಕರುಳನ್ನೇ ಕತ್ತರಿಸಿ ತೆಗೆಯಬೇಕಾಗುತ್ತದೆ, ಈಗಿರುವ ಶಕ್ತಿಯಲ್ಲಿ ಅವರು ಅದನ್ನು ತಡೆದುಕೊಳ್ಳುತ್ತಾರೆಂದು ನನಗೆ ನಂಬಿಕೆಯಿಲ್ಲ ಎಂದರು. ಪರೀಕ್ಷೆಗಳಿಗೂ ಸಮಯ ಬೇಕು, ಬೇಗ ಯಾರನ್ನಾದರೂ ಕರೆದುಕೊಂಡು ಬನ್ನಿ ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಆತುರವಿತ್ತು.

ಅಲ್ಲಿಂದ ಅವನು ಅಂಗಡಿಗೆ ಹೋದ. ಬಾಗಿಲು ಅರ್ಧ ಎತ್ತಿ ಒಳಗೆ ನಿಂತ. ನೆಲದಿಂದ ಸೂರಿನವರೆಗೆ ಡಬ್ಬಿಗಳು, ಬಾಟಲಿಗಳು, ಬಣ್ಣಬಣ್ಣದ ಕ್ಯಾಪ್ಸೂಲುಗಳು. ಕಣ್ಣು ಕಟ್ಟಿ ಬಿಟ್ಟರೂ ಯಾವುದು ಎಲ್ಲಿದೆ ಎಂದು ಹೇಳಬಲ್ಲವನು ಅವನು. ಅಷ್ಟೂ ಔಷಧಿಯಲ್ಲಿ ಅವಳಿಗೆ ಬೇಕಾದದ್ದು ಒಂದೂ ಇರಲಿಲ್ಲ. ಅವಳಿಗೆ ಬೇಕಾದದ್ದನ್ನು ಜನ ದಿನಬೆಳಗಾದರೆ ನೀರು ಸುರಿದು ಕಳೆದುಕೊಳ್ಳುತ್ತಿದ್ದರು. ಅಷ್ಟರಲ್ಲಿ ಬಸ್ ಕಂಡಕ್ಟರ್ ಒಬ್ಬ ಬಾಗಿಲಿನ ಕೆಳಗಿನಿಂದ ಬಗ್ಗಿ, ಶೀತಕ್ಕೆ ಹೋದ ಸಲ ಕೊಟ್ಟಿದ್ದರಲ್ಲ, ಆ ಕೆಂಪು ಹಳದಿಯದು ಕೊಡಿ ಎಂದ. ಶೀತಕ್ಕೆ ಅದು ಬೇಡ, ಬಿಸಿನೀರು ಕುಡಿದು ಮಲಗು ಎಂದ ಕೋರ್ಸಪ್ಪ. ಕಂಡಕ್ಟರ್ ತಮಾಷೆ ಎಂದುಕೊಂಡು ನಕ್ಕ. ಕೋರ್ಸಪ್ಪ ನಗದಿದ್ದುದನ್ನು ನೋಡಿ, ಸ್ಟಾಕ್ ಇಲ್ಲದಿದ್ದರೆ ಇಲ್ಲ ಅನ್ನಿ, ಬಿಸಿನೀರು ಗಿಸಿನೀರು ಯಾಕೆ ಎಂದು ಗೊಣಗಿಕೊಂಡು ಪಕ್ಕದ ಬೀದಿಯ ಔಷಧಿ ಅಂಗಡಿಯ ಕಡೆ ಹೋದ.

ಇನ್ನು ಪರಿಚಯದವರನ್ನು ಕೇಳಿ ಪ್ರಯೋಜನವಿಲ್ಲ ಎಂದು ಅವನಿಗೆ ಖಾತ್ರಿಯಾಯಿತು. ತನ್ನನ್ನು ಅರಿಯದವರೇ ಬೇಕು. ಮಾರನೆಯ ಬೆಳಿಗ್ಗೆ ಊರಾಚೆಯ ಆಟದ ಮೈದಾನಕ್ಕೆ ಹೋಗಿ, ಸುತ್ತು ಹೊಡೆಯುತ್ತಿದ್ದವರ ದಾರಿಗೆ ಅಡ್ಡ ನಿಂತ. ಕೆಲವರು ಏನೋ ಮಾರಲು ಬಂದಿದ್ದಾನೆ ಎಂದು ಬಳಸಿಕೊಂಡು ಹೋದರು. ಕೆಂಪು ಶೂ ಹಾಕಿದ ಓಟಗಾರನೊಬ್ಬ ನಿಂತ. ಆರು ತಿಂಗಳಿರಲಿ, ಕೆಲವು ವರ್ಷಗಳಿಂದ ಒಂದು ಮಾತ್ರೆಯನ್ನೂ ಮುಟ್ಟಿಲ್ಲ ಎಂದ. ಕೋರ್ಸಪ್ಪನಿಗೆ ಅವನ ಕಾಲಿಗೆ ಬೀಳುವಂತಾಯಿತು. ಹೆಂಡತಿ ಸಾಯುತ್ತಿದ್ದಾಳೆ, ನಿಮ್ಮಿಂದ ಉಳಿಯುತ್ತಾಳೆ, ನಿಮಗೆ ಒಂದು ಹನಿ ನೋವೂ ಇಲ್ಲ ಎಂದು ಉಸಿರು ಬಿಡದೆ ಹೇಳಿದ. ರಕ್ತ ತಾನೇ, ನಡೀರಿ ಎಂದ ಓಟಗಾರ. ಒಳ್ಳೆಯ ಮನಸ್ಸಿನವನೇ. ರಕ್ತ ಅಲ್ಲ ಎಂದ ಕೋರ್ಸಪ್ಪ. ಮತ್ತೇನು ಎಂದು ಕೇಳಿದಾಗ ಮೊದಲ ಬಾರಿಗೆ ಆ ಮಾತನ್ನು ಬಾಯಿಬಿಟ್ಟು ಹೇಳಿದ.

ಓಟಗಾರ ಒಂದು ಹೆಜ್ಜೆ ಹಿಂದೆ ಸರಿದ. ಯಾರಾದರೂ ಮರೆಯಲ್ಲಿ ನಿಂತು ವಿಡಿಯೋ ಮಾಡುತ್ತಿದ್ದಾರೆಯೇ ಎಂದು ಸುತ್ತ ನೋಡಿದ.

“ಯಜಮಾನ್ರೇ, ನಿಮ್ಮ ವಯಸ್ಸಿಗೆ ಇಂಥ ತಮಾಷೆ ಒಳ್ಳೇದಲ್ಲ,” ಎಂದು ಹೇಳಿ ಓಡಿದ.

ಕೋರ್ಸಪ್ಪ ಅವನ ಹಿಂದೆ ಓಡಿದ. ನಿಜವಾಗಿಯೂ ಓಡಿದ, ಬಿಳಿಗೂದಲಿನ ಆಸಾಮಿ, ಚಪ್ಪಲಿ ಹಾಕಿಕೊಂಡು. ಅರ್ಧ ಸುತ್ತಿನಲ್ಲಿ ಕಾಲು ತೊಡರಿ ಬಿದ್ದ, ಅಂಗೈ ತರಚಿತು. ಯಾರೋ ಎಬ್ಬಿಸಿ ಕಲ್ಲುಬೆಂಚಿನ ಮೇಲೆ ಕೂರಿಸಿ, ಗಾಯಕ್ಕೆ ಏನಾದರೂ ಮಾತ್ರೆ ತೆಗೆದುಕೊಳ್ಳಿ, ನಂಜಾದೀತು ಎಂದು ಬುದ್ಧಿ ಹೇಳಿ ಹೋದರು.

ಮನೆಗೆ ಬಂದಾಗ ಸೊಸೆ ಅಡುಗೆಮನೆಯಲ್ಲಿ ಆಸ್ಪತ್ರೆಗೆ ಒಯ್ಯಲು ಗಂಜಿ ಕಾಯಿಸುತ್ತಿದ್ದಳು. ಮಗು ನೆಲದ ಮೇಲೆ ಡಬ್ಬಿಯ ಮುಚ್ಚಳಗಳನ್ನು ಜೋಡಿಸಿಕೊಂಡು ಆಡುತ್ತಿತ್ತು. ಮಾವನ ಅಂಗೈ ನೋಡಿ ಅವಳು ಬಟ್ಟೆ ಒದ್ದೆ ಮಾಡಿ ತಂದಳು. ಏನಾಯಿತು ಎಂದು ಕೇಳಿದಳು. ಅವನು ಗೋಡೆಗೆ ಒರಗಿ ಕೂತ. ನಾಚಿಕೆ ಮಾನ ಎಲ್ಲವೂ ಆ ಮೈದಾನದಲ್ಲಿಯೇ ಉದುರಿಹೋಗಿತ್ತು. ಔಷಧಿಯಲ್ಲ, ಒಬ್ಬ ಮನುಷ್ಯ ಬೇಕು ಎಂದು ಶುರುಮಾಡಿ, ಏನು ಬೇಕು, ಯಾಕೆ ಬೇಕು, ಎಂಥವರದ್ದು ಆಗಬೇಕು, ಎಲ್ಲಿ ಎಲ್ಲಿ ಕೇಳಿ ಬಂದೆ ಎನ್ನುವುದನ್ನೆಲ್ಲ ಸೊಸೆಯ ಮುಖ ನೋಡದೆ ಹೇಳಿದ. ನಾಳೆಯೋ ನಾಡಿದ್ದೋ ಹೊಟ್ಟೆ ಕೊಯ್ಯುತ್ತಾರಂತೆ, ಅವಳು ಉಳಿಯುವುದಿಲ್ಲವಂತೆ ಎಂದ. ನಾನೇ ಕೊಂದೆ ಎಂದ.

ಸೊಸೆ ಒಲೆ ಆರಿಸಿದಳು. ಗಂಜಿಯ ಪಾತ್ರೆ ಇಳಿಸಿಟ್ಟು ಅವನ ಕಡೆ ತಿರುಗಿದಳು.

“ಮಾವ, ನನ್ನದು ಆಗಲ್ವಾ?”

ನೀನೂ ಕೋರ್ಸ್ ಮಾಡಿದ್ದೀಯಲ್ಲಮ್ಮ, ಕೆಮ್ಮಿಗೆ ನಾನೇ ಕೊಟ್ಟಿದ್ದೆನಲ್ಲ ಎಂದ ಅವನು, ಸೋತ ದನಿಯಲ್ಲಿ.

“ಕೊಟ್ಟಿದ್ರಿ. ನಾನು ನುಂಗಿಲ್ಲ.”

ಅವನಿಗೆ ತಕ್ಷಣ ಅರ್ಥವಾಗಲಿಲ್ಲ. ಆದಾಗ ಮೊದಲು ಬಂದದ್ದು ಸಂತೋಷವಲ್ಲ, ಸಿಟ್ಟು. ನಾಚಿಕೆಗೇಡು, ಆದರೂ ಇದ್ದದ್ದು ಇದ್ದ ಹಾಗೆ ಹೇಳಬೇಕು, ಹೆಂಡತಿಯ ಜೀವ ಉಳಿಯುವ ದಾರಿ ಕಣ್ಣೆದುರು ನಿಂತಿದ್ದಾಗ ಆ ಮನುಷ್ಯ, ಹಾಗಾದರೆ ನುಂಗಿದೆ ಎಂದು ನನಗೆ ಯಾಕೆ ಸುಳ್ಳು ಹೇಳಿದೆ ಎಂದು ಗದರಿದ. ಮಗು ಮುಚ್ಚಳ ಕೈಲಿ ಹಿಡಿದು ಇಬ್ಬರನ್ನೂ ನೋಡಿತು. ಸೊಸೆ ಹೆದರಲಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಅವನು ಕೊಟ್ಟ ಮಾತ್ರೆಯಿಂದ ತನಗೆ ಮೈಯೆಲ್ಲ ದದ್ದು ಎದ್ದಿತ್ತು, ಅಂದಿನಿಂದ ಒಂದನ್ನೂ ನುಂಗಿಲ್ಲ, ಎಲ್ಲವನ್ನೂ ಎಸೆಯುತ್ತ ಬಂದಿದ್ದೇನೆ ಎಂದಳು.

ಅವನು ಮಗುವಿನ ಕಡೆ ನೋಡಿದ. ಸೊಸೆ ತಾನಾಗಿಯೇ ಹೇಳಿದಳು.

“ಅವಳಿಗೂ ಕೊಟ್ಟಿಲ್ಲ ಮಾವ. ಡಾಕ್ಟ್ರು ಬರೆದುಕೊಟ್ಟಾಗ ಮಾತ್ರ ಕೊಟ್ಟಿದೀನಿ.”

ಮೊಮ್ಮಗಳ ಒಂದೊಂದು ಜ್ವರವನ್ನೂ ತಾನೇ ಬಿಡಿಸಿದೆ ಎಂದು ಅವನು ಅಂಗಡಿಯಲ್ಲಿ ನಿಂತು ಎಷ್ಟು ಜನಕ್ಕೆ ಹೇಳಿಲ್ಲ! ಆ ಜ್ವರಗಳು ತಮ್ಮ ಪಾಡಿಗೆ ಬಂದು ತಮ್ಮ ಪಾಡಿಗೆ ಹೋಗಿದ್ದವು. ಸಿಟ್ಟು ಎಲ್ಲಿಗೋ ಹೋಯಿತು. ಏಳಲೆಂದು ಸೊಸೆಯ ಕಡೆ ಕೈ ಚಾಚಿದ. ಅವಳು ಹಿಡಿದು ಎಬ್ಬಿಸಿದಳು. ಆ ಕೂಡಲೇ ಮಗುವಿಗೆ ಶೂ ಹಾಕಲು ಶುರುಮಾಡಿದಳು.

ಡಾಕ್ಟರಮ್ಮ ಸೊಸೆಯನ್ನು ಒಳಗೆ ಕೂರಿಸಿಕೊಂಡು ಬಹಳ ಹೊತ್ತು ಪ್ರಶ್ನೆ ಕೇಳಿದರು. ರಕ್ತ ತೆಗೆದರು, ಉಳಿದ ಪರೀಕ್ಷೆಗೂ ಕಳಿಸಿದರು. ಹೊರಗೆ ಬಂದು ಕೋರ್ಸಪ್ಪನನ್ನು ನೋಡಿ, ಇವರು ನಿಮ್ಮ ಮನೆಯಲ್ಲೇ ಇದ್ದರಲ್ಲ, ಮೊದಲ ದಿನವೇ ಯಾಕೆ ಹೇಳಲಿಲ್ಲ ಎಂದರು.

“ಕೇಳಲಿಲ್ಲ,” ಎಂದ ಕೋರ್ಸಪ್ಪ. “ನಾನು ಮನೇಲಿ ಯಾರನ್ನೂ ಕೇಳಲೇ ಇಲ್ಲ.”

ಆಮೇಲಿನ ಕಾಯುವಿಕೆ ಹಿಂದಿನ ಅಲೆದಾಟಕ್ಕಿಂತ ಘೋರವಾಗಿತ್ತು. ಹುಡುಕುವಾಗ ಕಾಲಿಗಾದರೂ ಕೆಲಸವಿತ್ತು. ಪರೀಕ್ಷೆಯ ಫಲಿತಾಂಶ ಬರಬೇಕು, ಅಲ್ಲಿಯವರೆಗೆ ಆ ಕರುಳು ತಡೆಯಬೇಕು. ಮಗ ಕೆಲಸ ಬಿಟ್ಟು ಬಂದು ಕಾರಿಡಾರಿನಲ್ಲಿ ನಿಂತ. ಅಪ್ಪ ಔಷಧಿ ಹುಡುಕುತ್ತೇನೆ ಎಂದು ಹೇಳಿ ಕಳೆದ ದಿನಗಳ ಕಥೆ ಅವನಿಗೆ ಈಗ ಗೊತ್ತಾಗಿತ್ತು. ಅವನು ಅಪ್ಪನನ್ನು ಬೈಯಲಿಲ್ಲ, ಮಾತೂ ಆಡಿಸಲಿಲ್ಲ. ಒಂದು ಸಲ ಶಸ್ತ್ರಚಿಕಿತ್ಸೆಯ ಡಾಕ್ಟರೊಬ್ಬರು ಬಂದು ಹೊಟ್ಟೆ ಮುಟ್ಟಿ ನೋಡಿ, ತುಟಿ ಬಿಗಿದುಕೊಂಡು ಹೋದರು. ಕೋರ್ಸಪ್ಪ ಆ ತುಟಿಯನ್ನೇ ನೆನೆಸಿಕೊಂಡು ಗೋಡೆಗೆ ತಲೆ ಆನಿಸಿ ಕೂತ. ಅವಳು ಹೋದರೆ ತಾನು ಆ ಮನೆಗೆ ಯಾವ ಮುಖ ಹೊತ್ತು ಕಾಲಿಡುವುದು, ಯಾರ ಜೊತೆ ಕೂತು ಊಟ ಮಾಡುವುದು? ತಾನು ವ್ಯರ್ಥ ಮಾಡಿದ ದಿನಗಳಿಂದಾಗಿ ಒಂದೇ ಒಂದು ದಿನ ಸಾಲದೆ ಹೋದರೆ? ಹೀಗೆ ಕೇಳಿಕೊಂಡು ಕೇಳಿಕೊಂಡು ಅವನ ತಲೆ ಕೆಟ್ಟುಹೋಗುವಂತಾಗಿತ್ತು.

ಫಲಿತಾಂಶ ಸರಿಯಾಗಿ ಬಂತು. ಸೊಸೆ ಒಂದು ಬೆಳಿಗ್ಗೆ ಆಸ್ಪತ್ರೆಯ ಡಬ್ಬಿಯನ್ನು ನರ್ಸಿನ ಕೈಗೆ ಕೊಟ್ಟು, ಏನೂ ಆಗದವಳ ಹಾಗೆ ಕೈ ತೊಳೆದುಕೊಂಡು ಬಂದಳು. ಅದೇ ದಿನ ಹೆಂಡತಿಯನ್ನು ಒಳಗೆ ತೆಗೆದುಕೊಂಡು ಹೋಗಿ ಕೊಳವೆಯ ಮೂಲಕ ಸೇರಿಸಿದರು. ಅಷ್ಟಕ್ಕೆ ಮುಗಿಯಲಿಲ್ಲ. ಮೊದಲು ಏನೂ ಬದಲಾಗಲಿಲ್ಲ. ಮಾರನೆಯ ದಿನವೂ ಹಾಸಿಗೆ ಬದಲಾಯಿಸಿದರು. ಹೊಟ್ಟೆ ಉಬ್ಬಿಯೇ ಇತ್ತು. ಕೋರ್ಸಪ್ಪ ಕಾರಿಡಾರಿನಲ್ಲಿ ಹೋಗಿ ಬರುವ ನರ್ಸುಗಳ ಕೈಯಲ್ಲಿ ಏನಿದೆ ಎಂದು ನೋಡುತ್ತ ಕೂತ. ಮಡಿಚಿದ ಚಾದರ ಕಂಡರೆ ಅದು ಅವಳ ಕೋಣೆಗೇ ಹೋಗುತ್ತದೆಯೇ ಎಂದು ಎದ್ದು ನಿಂತು ನೋಡುತ್ತಿದ್ದ. ಆಮೇಲೆ ಒಂದು ದಿನ ಮಧ್ಯಾಹ್ನದವರೆಗೆ ಯಾರೂ ಚಾದರ ಹಿಡಿದುಕೊಂಡು ಬರಲಿಲ್ಲ. ಸಂಜೆಗೆ ಅವಳು ಹಸಿವು ಎಂದಳು.

ಆ ಮಾತನ್ನು ಮಗ ಓಡಿಬಂದು ಹೇಳಿದ. ಅಪ್ಪನನ್ನು ಅಷ್ಟು ದಿನ ಮಾತಾಡಿಸದವನು ಅವನ ಭುಜ ಹಿಡಿದು ಅಲ್ಲಾಡಿಸಿ, ಅಮ್ಮ ಊಟ ಕೇಳುತ್ತಿದ್ದಾಳೆ ಎಂದ.

ಇನ್ನೂ ಕೆಲವು ವಾರ ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳಬೇಕು, ಮತ್ತೆ ಬರುವುದಿಲ್ಲ ಎಂದು ಈಗಲೇ ಹೇಳಲಾರೆ ಎಂದಿದ್ದರು ಡಾಕ್ಟರಮ್ಮ. ಆದರೂ ಅವಳ ಮುಖಕ್ಕೆ ಮನುಷ್ಯರ ಬಣ್ಣ ಬಂದಿತ್ತು. ದಿಂಬಿಗೆ ಒರಗಿ ಕೂತು, ಸೊಸೆ ತಂದ ಗಂಜಿಯನ್ನು ಸ್ವಲ್ಪ ಸ್ವಲ್ಪವೇ ಕುಡಿದಿದ್ದಳು. ಸೊಸೆ ಪಾತ್ರೆ ತೊಳೆಯಲು ಹೋದಾಗ ಕೋರ್ಸಪ್ಪ ಸ್ಟೂಲು ಎಳೆದುಕೊಂಡು ಹತ್ತಿರ ಕೂತ. ಸೊಸೆ ಮಾತ್ರೆ ಎಸೆಯುತ್ತಿದ್ದುದು ನಿನಗೆ ಗೊತ್ತಿತ್ತಾ ಎಂದು ಕೇಳಿದ.

“ಗೊತ್ತಿತ್ತು,” ಎಂದಳು ಹೆಂಡತಿ. “ದದ್ದು ಎದ್ದಾಗ ನಾನೇ ಹೇಳಿದ್ದು, ಎಸೆದುಬಿಡು, ಅವರಿಗೆ ಮಾತ್ರ ಹೇಳಬೇಡ, ನೊಂದ್ಕೋತಾರೆ ಅಂತ.”

ಅವನು ಅವಳ ಕೈಯನ್ನು ಹಿಡಿದುಕೊಂಡ. ಸೂಜಿ ಚುಚ್ಚಿ ಚುಚ್ಚಿ ಅದು ನೀಲಿಗಟ್ಟಿತ್ತು.

“ಅವಳಿಗೆ ಎಸಿ ಅಂದೆ. ಮತ್ತೆ ನೀನ್ಯಾಕೆ ನುಂಗ್ತಿದ್ದೆ?”

ಅವಳು ಇದೂ ಒಂದು ಪ್ರಶ್ನೆಯೇ ಎನ್ನುವ ಹಾಗೆ ನೋಡಿದಳು.

“ನೀವು ಎದುರಿಗೇ ನಿಂತಿರ್ತಿದ್ರಲ್ಲ. ನಾನು ನುಂಗಿದ ಮೇಲೆ ನಿಮ್ಮ ಮುಖ ಎಷ್ಟು ಹಗುರಾಗ್ತಿತ್ತು ಗೊತ್ತಾ? ಅದನ್ನ ನೋಡೋಕೆ ಅಂತ ನುಂಗ್ತಿದ್ದೆ.”

ಕೋರ್ಸಪ್ಪ ಅವಳ ಕೈ ಬಿಟ್ಟು, ಮುಖ ಮರೆಮಾಡಿಕೊಂಡು ಎದ್ದು ಬಾಗಿಲ ಕಡೆ ಹೋದ. ಅಷ್ಟರಲ್ಲಿ ನರ್ಸು ಒಳಗೆ ಬಂದು, ಪಕ್ಕದ ಕೋಣೆಯಿಂದ ಯಾರೋ ಕೂಗಿದ್ದರಿಂದ ಆತುರದಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ಕಪ್ಪನ್ನು ಅವನ ಕೈಗಿಟ್ಟು, ಲವಣದ ಅಂಶ ಕಡಿಮೆಯಾಗಿರುವುದಕ್ಕೆ ಡಾಕ್ಟರು ಹೇಳಿದ ಮಾತ್ರೆ, ಈಗ ಕೊಟ್ಟುಬಿಡಿ ಎಂದು ಬಾಗಿಲ ಬಳಿಯೇ ಅವನಿಗೆ ಹೇಳಿ ಹೋದಳು. ಅವನು ಕಪ್ಪು ಹಿಡಿದು ಮಂಚದ ಹತ್ತಿರ ಬಂದ. ಹೆಂಡತಿ ಅವನ ಕೈಯನ್ನು ನೋಡಲಿಲ್ಲ. ಅವನ ಮುಖ ನೋಡಿ ಬಾಯಿ ತೆರೆದಳು.

ಅವನು ಕಪ್ಪನ್ನು ಹಿಂದಕ್ಕೆ ಎಳೆದುಕೊಂಡ. ಕಪ್ಪಿನೊಳಗೆ ಮಾತ್ರೆ ಸದ್ದು ಮಾಡಿತು.

“ಏನು ಮಾತ್ರೆ ಅಂತ ಕೇಳೇ,” ಎಂದ.

ಅವಳಿಗೆ ಅರ್ಥವಾಗಲಿಲ್ಲ. ನೀವು ಕೊಡುತ್ತಿದ್ದೀರಲ್ಲ, ಕೇಳುವುದೇನು ಎಂದು ಮತ್ತೆ ಬಾಯಿ ತೆರೆದಳು.

“ನಿನ್ನ ದಮ್ಮಯ್ಯ,” ಎಂದ ಕೋರ್ಸಪ್ಪ. ಅವನ ಕಣ್ಣಿಂದ ನೀರು ಇಳಿದು ಗಡ್ಡದವರೆಗೆ ಬಂದಿತ್ತು. “ಒಂದು ಸಲ ಕೇಳು.”